ಪೆಟ್ರೋಲ್ ಎಷ್ಟಿದೆ? ಬಾನೆಟ್ ಎತ್ತಿ, ಕಡ್ಡಿ ಅದ್ದಿ ನೋಡಿ

ಟ್ರಾಬಾಂಟ್ ಕಾರಿನ ಬೆಲೆ ಎರಡರಷ್ಟಾಗಬೇಕಾದರೆ ಏನು ಮಾಡಬೇಕು? ಪೆಟ್ರೋಲ್ ತುಂಬಿಸಬೇಕು. ಹಿಂದಿನ ಗಾಜಿಗೆ ಹೀಟರ್ ಯಾಕೆ? ಚಳಿಗಾಲದಲ್ಲಿ ತಳ್ಳುವವರ ಕೈ ಮರಗಟ್ಟದಿರಲಿ ಅಂತ. ಇಂಥ ಜೋಕು ಹೇಳಿ ನಗುತ್ತಿದ್ದವರಲ್ಲಿ ಅದೇ ಕಾರಿಗಾಗಿ ಹೆಸರು ಬರೆಸಿ ಹತ್ತು ಹನ್ನೆರಡು ವರ್ಷ ಕಾದು ಕೂತಿದ್ದ ಪೂರ್ವ ಜರ್ಮನಿಯವರೂ ಇದ್ದರು. ಹದಿನೆಂಟು ತುಂಬುತ್ತಲೇ ಹೆಸರು ಬರೆಸಿದರೆ, ಮದುವೆಯಾಗಿ ಮಗು ಶಾಲೆಗೆ ಹೋಗುವ ಹೊತ್ತಿಗೆ ಪಾಳಿ ಬರುತ್ತಿತ್ತು. ಹೀಗಾಗಿ ಹಳೆ ಟ್ರಾಬಿಗೆ (ಟ್ರಾಬಾಂಟಿನ ಮುದ್ದು ಹೆಸರು) ಹೊಸ ಟ್ರಾಬಿಗಿಂತ ಜಾಸ್ತಿ ಬೆಲೆ. ಅರ್ಥಶಾಸ್ತ್ರದ ಮೇಷ್ಟ್ರು ಬೇಕಾದರೆ ತಲೆ ಕೆರೆದುಕೊಳ್ಳಲಿ, ಕೊಳ್ಳುವವನಿಗೆ ಗೊಂದಲವೇ ಇರಲಿಲ್ಲ. ಹಳೆಯದು ಇವತ್ತೇ ಸಿಗುತ್ತದಲ್ಲ!

ಜರ್ಮನ್ ಕಾರು ಅಂದರೆ ಬಾಗಿಲು ಮುಚ್ಚುವಾಗಿನ ಆ 'ಧಪ್' ಎಂಬ ಗಾಂಭೀರ್ಯ ಎಂದುಕೊಂಡವರಿಗೆ ಟ್ರಾಬಿಯ ವಂಶಾವಳಿ ಕೇಳಿದರೆ ನಂಬಿಕೆಯೇ ಬರುವುದಿಲ್ಲ. ಔಗುಸ್ಟ್ ಹೋರ್ಖ್ ಎಂಬ ಎಂಜಿನಿಯರ್ 1904ರಲ್ಲಿ ತನ್ನ ಕಾರು ಕಂಪನಿಯನ್ನು ಸ್ಯಾಕ್ಸನಿಯ ತ್ಸ್ವಿಕಾವ್ ಊರಿಗೆ ತಂದ. 1909ರಲ್ಲಿ ಆಡಳಿತದವರ ಜೊತೆ ಜಗಳವಾಡಿಕೊಂಡು ಹೊರಬಿದ್ದು, ಅದೇ ಊರಿನಲ್ಲಿ ಇನ್ನೊಂದು ಕಂಪನಿ ತೆರೆದ. ಸ್ವಂತ ಹೆಸರನ್ನೇ ಬಳಸುವಂತಿಲ್ಲ ಎಂದು ಕೋರ್ಟಿನ ತೀರ್ಪಾದ್ದರಿಂದ ಹೊಸದಕ್ಕೆ ಆಡಿ ಎಂದು ಹೆಸರಿಟ್ಟ. ಹೌದು, ಆ ಆಡಿಯೇ. 1932ರಲ್ಲಿ ಹೋರ್ಖ್, ಆಡಿ, ಡಿಕೆಡಬ್ಲ್ಯು, ವಾಂಡರರ್ ನಾಲ್ಕೂ ಕೂಡಿ ಆಟೋ ಯೂನಿಯನ್ ಆಯಿತು, ನಾಲ್ಕು ಬಳೆಗಳ ಲಾಂಛನ ಬಂತು. ಮಹಾಯುದ್ಧದ ನಂತರ ದೇಶವೇ ಪಾಲಾದಾಗ ಬಳೆ ಪಶ್ಚಿಮದ ಇಂಗೊಲ್‌ಷ್ಟಾಟ್‌ಗೆ ಹೋಯಿತು, ಒಲೆ, ಅಂದರೆ ಕಾರ್ಖಾನೆ, ಪೂರ್ವದ ತ್ಸ್ವಿಕಾವ್‌ನಲ್ಲಿ ಉಳಿಯಿತು. ಜೊತೆಗೆ ಉಳಿದದ್ದು ಡಿಕೆಡಬ್ಲ್ಯುನವರ ವಿದ್ಯೆ: ಸಣ್ಣ ಟೂ ಸ್ಟ್ರೋಕ್ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ. 1957ರ ನವೆಂಬರ್ 7ರಂದು ಟ್ರಾಬಾಂಟ್ ತಯಾರಿ ಶುರುವಾಯಿತು. ಮರುವರ್ಷ ಹಳೆಯ ಹೋರ್ಖ್ ಮತ್ತು ಆಡಿ ಕಾರ್ಖಾನೆಗಳನ್ನು ಒಂದು ಮಾಡಿ ಸಾಕ್ಸೆನ್‌ರಿಂಗ್ ಎಂಬ ಸರ್ಕಾರಿ ಉದ್ಯಮ ಕಟ್ಟಿದರು. 1964ರಲ್ಲಿ ಬಂದ 601 ಮಾದರಿ 1990ರವರೆಗೆ ಹೆಚ್ಚುಕಡಿಮೆ ಅದೇ ಮುಖ ಹೊತ್ತುಕೊಂಡು ಬಂತು. ಅದರ ಪಡಿಪಾಟಲೇ ಇಲ್ಲಿನ ವಿಷಯ.

ಮೊದಲು ಪೆಟ್ರೋಲ್. 601ರ ಟ್ಯಾಂಕ್ ಇರುವುದು ಬಾನೆಟ್ ಒಳಗೆ, ಎಂಜಿನ್‌ಗಿಂತ ಎತ್ತರದಲ್ಲಿ. ಪೆಟ್ರೋಲ್ ತಾನಾಗಿಯೇ ಕೆಳಗೆ ಇಳಿದು ಕಾರ್ಬುರೇಟರ್ ಸೇರುವುದರಿಂದ ಫ್ಯುಯಲ್ ಪಂಪಿನ ಖರ್ಚಿಲ್ಲ. ಉಳಿತಾಯಕ್ಕೆ ಕೂತವರು ಅಲ್ಲಿಗೇ ನಿಲ್ಲಿಸುತ್ತಾರೆಯೇ? ಬಹುಕಾಲ ಫ್ಯುಯಲ್ ಗೇಜನ್ನೂ ಕೊಡಲಿಲ್ಲ. ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಬಾನೆಟ್ ಎತ್ತಿ, ಟ್ಯಾಂಕಿನ ಮುಚ್ಚಳ ತಿರುಗಿಸಿ, ಗುರುತು ಹಾಕಿದ ಪ್ಲಾಸ್ಟಿಕ್ ಕಡ್ಡಿ ಅದ್ದಿ, ಒದ್ದೆಯಾದ ಗೆರೆ ಓದಬೇಕು. ಸಿಗರೇಟು ಬಾಯಲ್ಲಿಟ್ಟುಕೊಂಡು ಈ ಕೆಲಸ ಮಾಡಬಾರದು ಎಂದು ಪ್ರತ್ಯೇಕ ಹೇಳಬೇಕಿಲ್ಲ.

ಕಡ್ಡಿ ಅದ್ದಲು ಸೋಮಾರಿತನ ಮಾಡಿದವರಿಗೆ ರಿಸರ್ವ್ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ, ಪಕ್ಕದ ಸೀಟಿನವರ ಮೊಣಕಾಲಿನ ಕಡೆಗೆ ಒಂದು ನಲ್ಲಿ: ಬಂದ್, ತೆರೆ, ರಿಸರ್ವ್. ಲಾರಿ ಹಿಂದಿಕ್ಕುತ್ತಿರುವಾಗಲೇ ಎಂಜಿನ್ ಮುಕ್ಕರಿಸತೊಡಗುತ್ತದೆ. ಆಗ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಬಗ್ಗಿ ನಲ್ಲಿ ತಡಕಬೇಕು. ಪಕ್ಕದಲ್ಲಿ ಕೂತವರು ಹೊಸಬರಾದರೆ ಅವರಿಗೆ ಬೇರೆ ಅರ್ಥವೇ ಆಗಬಹುದು. ಅಸಲಿ ಅನಾಹುತ ಇದಲ್ಲ. ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ನಲ್ಲಿಯನ್ನು ರಿಸರ್ವ್‌ನಿಂದ ವಾಪಸ್ 'ತೆರೆ'ಗೆ ತಿರುಗಿಸಲು ಮರೆಯುವುದು. ಮುಂದಿನ ಸಲ ಗಾಡಿ ನಿಂತಾಗ ತಿರುಗಿಸಲು ಏನೂ ಉಳಿದಿರುವುದಿಲ್ಲ. ಸ್ಕೂಟರ್ ಓಡಿಸಿದ ತಲೆಮಾರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಯಿಲ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಗೊತ್ತಿರುವಂತೆ, ಟೂ ಸ್ಟ್ರೋಕ್ ಎಂಜಿನ್‌ಗೆ ಕೆಳಗೆ ಆಯಿಲ್ ತುಂಬಿಸಿಟ್ಟು ಬದಲಾಯಿಸುವ ಪದ್ಧತಿ ಇಲ್ಲ. ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಟ್ರಾಬಿಗೆ ಮೊದಲು 33 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. 1974ರ ಸುಮಾರಿಗೆ ಬೇರಿಂಗ್ ಸುಧಾರಿಸಿದ ಮೇಲೆ 50ಕ್ಕೆ 1. ಅಂದರೆ 24 ಲೀಟರ್ ಟ್ಯಾಂಕಿಗೆ 480 ಮಿಲಿಲೀಟರ್. ಪೂರ್ವ ಜರ್ಮನಿಯ ಬಂಕುಗಳಲ್ಲಿ ಬೆರೆಸಿದ್ದೇ ಸಿಗುತ್ತಿತ್ತು. ಸಿಗದ ಕಡೆ ಡಿಕ್ಕಿಯಲ್ಲಿ ಆಯಿಲ್ ಡಬ್ಬಿ ಇರಲೇಬೇಕು.

ಬೆರೆಸುವುದರಲ್ಲೂ ಕ್ರಮವಿದೆ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ. ಬೀಳುವ ಪೆಟ್ರೋಲಿನ ರಭಸಕ್ಕೆ ತಾನೇ ಕಲಕಿಕೊಳ್ಳುತ್ತದೆ. ತುಂಬಿದ ಟ್ಯಾಂಕಿಗೆ ಮೇಲಿಂದ ಆಯಿಲ್ ಸುರಿದರೆ, ಅದೂ ಚಳಿಯಲ್ಲಿ, ಅದು ನೇರ ತಳಕ್ಕಿಳಿದು ನಲ್ಲಿಯ ಬಾಯಲ್ಲೇ ಕೂರುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ಎಂಜಿನ್ ಬರೀ ಆಯಿಲ್ ಕುಡಿದು, ಬೀದಿ ತುಂಬ ನೀಲಿ ಹೊಗೆ ಬಿಟ್ಟು, ಪ್ಲಗ್ ಕಪ್ಪಾಗಿಸಿಕೊಂಡು ನಿಲ್ಲುತ್ತದೆ. ಹೇಗೋ ಮುಂದೆ ಹೋದಿರೋ, ಉಳಿದ ಟ್ಯಾಂಕಿನಲ್ಲಿ ಆಯಿಲ್ ಸಾಲದೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿನೊಳಗೇ ಹಿಡಿದುಕೊಳ್ಳುವ ಭಯ. ಅದಕ್ಕೇ ಬಂಕಿನ ಮೂಲೆಯಲ್ಲಿ ಬಂಪರ್ ಹಿಡಿದು ಕಾರನ್ನೇ ಕುಲುಕುವುದು. ಆರುನೂರು ಕಿಲೋ ಚಿಲ್ಲರೆ ತೂಕದ ಕಾರಾದ್ದರಿಂದ ಇಬ್ಬರು ಸಾಕು. ನೋಡುವವರಿಗೆ ಹುಚ್ಚಾಟ ಅನ್ನಿಸಿದರೂ ಶಾಸ್ತ್ರೋಕ್ತವೇ. 'ಸ್ವಲ್ಪ ಜಾಸ್ತಿ ಆಯಿಲ್ ಇದ್ದರೆ ಒಳ್ಳೆಯದಲ್ವಾ' ಎನ್ನುವ ಧಾರಾಳಿಗಳಿಗೂ ಒಂದು ಮಾತು: ಹೆಚ್ಚಾದ ಆಯಿಲ್ ಸೈಲೆನ್ಸರ್ ಒಳಗೆ ಮಸಿಯಾಗಿ ಕಟ್ಟಿಕೊಳ್ಳುತ್ತದೆ, ಕಾರು ದಿನೇ ದಿನೇ ಉಬ್ಬಸ ಬಂದವರ ಹಾಗೆ ಏರು ಹತ್ತುತ್ತದೆ.

ರಾತ್ರಿ ನಿಲ್ಲಿಸುವಾಗ ನಲ್ಲಿ ಬಂದ್ ಮಾಡಬೇಕು. ಮಾಡದಿದ್ದರೆ ಏನಾಗುತ್ತದೆ? ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬುತ್ತಲೇ ದಾರಿ ಮುಚ್ಚುವ ಫ್ಲೋಟ್ ನೀಡಲ್ ಎಂಬ ಸೂಜಿಗೆ ಒಂದು ಕಸದ ಕಣ ಸಿಕ್ಕಿಹಾಕಿಕೊಂಡರೂ ಸಾಕು, ಪೆಟ್ರೋಲ್ ರಾತ್ರಿಯಿಡೀ ತೊಟ್ಟಿಕ್ಕುತ್ತ ಎಂಜಿನ್ ಒಳಗೆ ಸೇರುತ್ತದೆ. ಬೆಳಗ್ಗೆ ಚೋಕ್ ಎಳೆದು ಕೀಲಿ ತಿರುಗಿಸಿದರೆ 'ಚಪ್ ಚಪ್' ಸದ್ದು ಬಿಟ್ಟು ಬೇರೇನಿಲ್ಲ. ಆಗ ಹೆಚ್ಚಿನವರು ಮಾಡುವುದು ಇನ್ನಷ್ಟು ಚೋಕ್ ಎಳೆಯುವುದು, ಮುಳುಗಿದವನಿಗೆ ನೀರು ಕುಡಿಸುವ ಉಪಚಾರ. ಸರಿಯಾದ ದಾರಿ: ನಲ್ಲಿ ಬಂದ್, ಚೋಕ್ ಒಳಕ್ಕೆ, ಎರಡೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕೆಲವು ಸೆಕೆಂಡು ಸೆಲ್ಫ್ ಹೊಡೆಯಿರಿ. ಸಿಲಿಂಡರಿನಿಂದ ಪೆಟ್ರೋಲ್ ಚಿಮ್ಮಿ ಬರುತ್ತದೆ, ಹಾಗಾಗಿ ಮುಖ ದೂರವಿರಲಿ, ಬಿಚ್ಚಿದ ಪ್ಲಗ್ ವೈರಿನಿಂದ ಕಿಡಿ ಹಾರದಂತೆಯೂ ನೋಡಿಕೊಳ್ಳಿ. ಪ್ಲಗ್ ಒರೆಸಿ ಒಣಗಿಸಿ ಮತ್ತೆ ಹಾಕಿ. ಹಳೆಯ 601ರಲ್ಲಿ ಕರೆಂಟು ಬರೀ 6 ವೋಲ್ಟ್. 12 ವೋಲ್ಟ್ ಬಂದದ್ದು ಎಂಬತ್ತರ ದಶಕದಲ್ಲಿ. ಆದ್ದರಿಂದ ಮೂರ್ನಾಲ್ಕು ಸಲಕ್ಕೇ ಬ್ಯಾಟರಿ ಕೈ ಚೆಲ್ಲುತ್ತದೆ, ತಳ್ಳುವವರನ್ನು ಕರೆಯಬೇಕಾಗುತ್ತದೆ.

ತಳ್ಳುವವರು ಬಂದಾಗ ಇನ್ನೊಂದು ಪ್ರಹಸನ. ಟ್ರಾಬಿಗೆ ನಮ್ಮ ಹಳೆ ಅಂಬಾಸಡರ್ ಥರ ಸ್ಟೀರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು, ನಾಲ್ಕು ಗೇರು. ನಾಲ್ಕನೆಯದರಲ್ಲಿ ಫ್ರೀವೀಲ್ ಇದೆ: ಎಂಜಿನ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಎಂಜಿನ್ನನ್ನು ತಿರುಗಿಸಲಾರದು. ನಾಲ್ಕನೇ ಗೇರಿನಲ್ಲಿಟ್ಟು ತಳ್ಳಿಸಿದರೆ ಊರ ಗಡಿ ದಾಟಿದರೂ ಸ್ಟಾರ್ಟ್ ಆಗುವುದಿಲ್ಲ. ಎರಡನೆಯದಕ್ಕೋ ಮೂರನೆಯದಕ್ಕೋ ಹಾಕಿ, ಕ್ಲಚ್ ಬಿಡಿ.

ಈ ಫ್ರೀವೀಲ್ ಯಾರದೋ ತಲೆಹರಟೆಯಲ್ಲ. ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ ಎಂದ ಮೇಲೆ, ಜೋರಾಗಿ ಹೋಗುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಸುತ್ತುತ್ತಲೇ ಇರುತ್ತದೆ, ಆಯಿಲ್ ಮಾತ್ರ ನಿಂತಿರುತ್ತದೆ. ಅದನ್ನು ತಪ್ಪಿಸಲು, ಕಾಲು ತೆಗೆದ ತಕ್ಷಣ ಎಂಜಿನ್ ಐಡಲಿಂಗ್‌ಗೆ ಇಳಿಯಲಿ ಎಂದು ಈ ಏರ್ಪಾಟು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ, ಬ್ರೇಕಿಗೆ ಮಾತ್ರ ಪ್ರಾಣಸಂಕಟ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಿಗುವುದೇ ಇಲ್ಲ; ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬಿಸಿಯಾದಂತೆಲ್ಲ ಪೆಡಲ್ ಮೆತ್ತಗಾಗುತ್ತದೆ. ಘಾಟಿ ಶುರುವಾಗುವ ಮೊದಲೇ ಮೂರನೇ ಗೇರಿಗೆ ಬನ್ನಿ. ಇಳಿಜಾರು ಉದ್ದವಿದ್ದರೆ ನಡುನಡುವೆ ಸುಮ್ಮನೆ ಒಮ್ಮೊಮ್ಮೆ ಆಕ್ಸಿಲರೇಟರ್ ಒತ್ತಿ, ಪಿಸ್ಟನ್‌ಗೆ ಒಂದು ಗುಟುಕು ಆಯಿಲ್ ಸಿಗಲಿ. ಇಳಿಯುವಾಗ ಆಕ್ಸಿಲರೇಟರ್ ಕೊಡಿ ಎಂದು ಕಲಿಸುವ ಡ್ರೈವಿಂಗ್ ಮೇಷ್ಟ್ರು ಬೇರೆ ದೇಶದಲ್ಲಾದರೆ ಕೆಲಸ ಕಳೆದುಕೊಳ್ಳುತ್ತಾರೆ. ಇಷ್ಟರ ಮೇಲೂ ಪಿಸ್ಟನ್ ಹಿಡಿದುಕೊಂಡರೆ ಗೊತ್ತಾಗುತ್ತದೆ: ಸದ್ದು ಕುಗ್ಗುತ್ತದೆ, ಕಾರನ್ನು ಯಾರೋ ಹಿಂದಿನಿಂದ ಎಳೆದಂತಾಗುತ್ತದೆ. ತಟ್ಟನೆ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸಿ, ತಣ್ಣಗಾಗಲು ಬಿಡಿ. ಅದೃಷ್ಟವಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವರ ಹಾಗೆ ಹೊರಡುತ್ತದೆ.

594 ಸಿಸಿ, 26 ಎಚ್‌ಪಿ, ಎರಡೇ ಸಿಲಿಂಡರ್. ರೇಡಿಯೇಟರ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಆಯಿಲ್ ಪಂಪ್ ಇಲ್ಲ. ಎಂಜಿನ್‌ನಲ್ಲಿ ಚಲಿಸುವ ಭಾಗ ಐದೇ ಐದು ಎಂದು ಹೇಳಿಕೊಳ್ಳುವುದು ವಾಡಿಕೆ: ಪಿಸ್ಟನ್ ಎರಡು, ಕನೆಕ್ಟಿಂಗ್ ರಾಡ್ ಎರಡು, ಕ್ರ್ಯಾಂಕ್‌ಶಾಫ್ಟ್ ಒಂದು. ಗಾಳಿ ಒಳಬಿಡುವ ರೋಟರಿ ಡಿಸ್ಕ್‌ಗಳನ್ನು ಮರೆತವರ ಲೆಕ್ಕ ಅದು. ಮನಸ್ಸು ಮಾಡಿದರೆ ಗಟ್ಟಿಮುಟ್ಟಾದ ಇಬ್ಬರು ಎಂಜಿನ್ನನ್ನೇ ಎತ್ತಿ ಪಕ್ಕಕ್ಕಿಡಬಹುದು. ದಾರಿಯಲ್ಲಿ ಕೈ ಕೊಡುವುದು ಬಹುತೇಕ ಪ್ಲಗ್ಗೇ. ಒಂದು ಸಿಲಿಂಡರ್ ಸತ್ತರೆ ಅರ್ಧ ಎಂಜಿನ್ ಹೋದಂತೆ. ಪತ್ತೆ ಸುಲಭ: ಎಂಜಿನ್ ಓಡುತ್ತಿರುವಾಗ ರಬ್ಬರ್ ಕೈಗವಸು ತೊಟ್ಟು ಒಂದೊಂದೇ ಪ್ಲಗ್ ಕ್ಯಾಪ್ ಎಳೆಯಿರಿ, ಯಾವುದನ್ನು ತೆಗೆದರೂ ಸದ್ದು ಬದಲಾಗುವುದಿಲ್ಲವೋ ಅದೇ ಅಪರಾಧಿ. ಬಿಚ್ಚಿ ನೋಡಿದರೆ ಎರಡು ತುದಿಗಳ ನಡುವೆ ಮಸಿಯ ಎಳೆಯೊಂದು ಸೇತುವೆ ಕಟ್ಟಿರುತ್ತದೆ. ಪಿನ್ನಿನಿಂದ ಕೆರೆದು, 0.6 ಮಿಲಿಮೀಟರ್ ಗ್ಯಾಪ್ ಇಟ್ಟು ಹಾಕಿ. ಪ್ಲಗ್ ಚೆನ್ನಾಗಿದ್ದೂ ಹೊತ್ತಿಕೊಳ್ಳದಿದ್ದರೆ, ಟ್ರಾಬಿಗೆ ಸಿಲಿಂಡರಿಗೊಂದರಂತೆ ಕಿಡಿಗೆ ಕರೆಂಟು ಕೊಡುವ ಎರಡು ಇಗ್ನಿಷನ್ ಕಾಯಿಲ್, ಕಿಡಿಯ ಹೊತ್ತಿಗೆ ಆ ಕರೆಂಟು ಕಡಿಯುವ ಎರಡು ಜೊತೆ ಪಾಯಿಂಟ್ ಇವೆ. ಎರಡು ಕಾಯಿಲ್‌ಗಳ ವೈರುಗಳನ್ನೂ ಪೂರ್ತಿ ಅದಲುಬದಲು ಮಾಡಿ. ರೋಗ ಇನ್ನೊಂದು ಸಿಲಿಂಡರಿಗೆ ಹೋದರೆ ಕಾಯಿಲ್ ಹೋಗಿದೆ. ಇದ್ದಲ್ಲೇ ಇದ್ದರೆ ಪಾಯಿಂಟ್ ನೋಡಿ, ಅದಕ್ಕೆ 0.4 ಮಿಲಿಮೀಟರ್ ಗ್ಯಾಪ್.

ಹೀಟರಿನ ಕಥೆ ಚಿಕ್ಕದು. ಎಂಜಿನ್‌ನ ಫ್ಯಾನ್ ಗಾಳಿಯೇ ಸೈಲೆನ್ಸರ್ ಸುತ್ತಿನ ಕವಚದಲ್ಲಿ ಬಿಸಿಯಾಗಿ ಒಳಗೆ ಬರುತ್ತದೆ. ಹೆದ್ದಾರಿಯಲ್ಲಿ ಬೆವರು, ಸಿಗ್ನಲ್ಲಿನಲ್ಲಿ ನಡುಕ. ಕವಚದೊಳಗಿನ ಜಾಯಿಂಟ್ ಸೋರಿದರೆ ಹೊಗೆಯೂ ಒಳಗೇ. ಇದೊಂದನ್ನು ಮಾತ್ರ ನಗುತ್ತ ಮುಂದೂಡಬಾರದು.

ಬಾಡಿಯ ಬಗ್ಗೆ ಕಥೆಗಳು ಬಹಳ. ರಟ್ಟಿನ ಕಾರು ಎಂದರು, ಹಂದಿ ತಿಂದು ಮುಗಿಸಿತು ಎಂದರು. ಅಸಲಿಗೆ ಅದು ಡ್ಯುರೋಪ್ಲಾಸ್ಟ್: ಸೋವಿಯತ್ ಹತ್ತಿಯ ನಾರಿಗೆ ಫಿನಾಲಿಕ್ ರೆಸಿನ್ ಹಾಕಿ, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದ ಹಲಗೆ. ಒಳ್ಳೆ ಉಕ್ಕಿನ ತಗಡಿಗೆ ಆ ದೇಶದಲ್ಲಿ ಬರ, ಅದಕ್ಕೇ ಈ ಉಪಾಯ. ಇದಕ್ಕೆ ತುಕ್ಕು ಹಿಡಿಯುವುದಿಲ್ಲ, ಕರಗಿಸಿ ಮತ್ತೆ ಬಳಸಲೂ ಆಗುವುದಿಲ್ಲ. ಗುದ್ದಿದರೆ ತಗಡಿನ ಹಾಗೆ ತಗ್ಗು ಬೀಳದೆ ಬಿರುಕು ಬಿಡುತ್ತದೆ, ಇಲ್ಲ ಚಕ್ಕೆ ಹಾರುತ್ತದೆ. ಟಿಂಕರಿಂಗ್ ಮಾಡುವವನ ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಸಣ್ಣ ಬಿರುಕಾದರೆ ಒಳಬದಿಯಿಂದ ಉಜ್ಜಿ, ರೆಸಿನ್ ಹಚ್ಚಿದ ಫೈಬರ್ ಬಟ್ಟೆ ಅಂಟಿಸಿ, ಹೊರಗೆ ಪುಟ್ಟಿ ಮೆತ್ತಿ, ವಾಟರ್ ಪೇಪರ್ ಹಾಕಿ ಉಜ್ಜಿ ಬಣ್ಣ ಹೊಡೆಯುವುದು. ದೊಡ್ಡದಾದರೆ ಬೇರೆ ಮಡ್‌ಗಾರ್ಡೇ ಗತಿ.

ಇಷ್ಟೆಲ್ಲ ಗೊತ್ತಿದ್ದೂ ಕಾರ್ಖಾನೆಯವರು ಯಾಕೆ ಸುಮ್ಮನಿದ್ದರು? ಸುಮ್ಮನಿರಲಿಲ್ಲ, ಸುಮ್ಮನಿರಿಸಿದರು. ಅರವತ್ತರ ದಶಕದಲ್ಲೇ ಹಿಂದೆ ದೊಡ್ಡ ಬಾಗಿಲಿದ್ದ ಪಿ603 ಎಂಬ ಹೊಸ ಕಾರನ್ನು ಮಾಡಿ ಓಡಿಸಿಯೂ ನೋಡಿದ್ದರು. 1968ರಲ್ಲಿ ಆಳುವ ಕಮ್ಯುನಿಸ್ಟ್ ಪಾರ್ಟಿಯ ಮೇಲಿನವರು ನಿಲ್ಲಿಸಿ ಎಂದರು. ಎಪ್ಪತ್ತರ ದಶಕದ ಪಿ610ರ ಹಣೆಬರಹವೂ ಅಷ್ಟೇ. ನನ್ನನ್ನು ಕೇಳಿದರೆ ಟ್ರಾಬಿಗೆ ಬಂದ ಕೆಟ್ಟ ಹೆಸರಿನಲ್ಲಿ ಮುಕ್ಕಾಲು ಪಾಲು ಕಡತ ಮಡಚಿದವರಿಗೆ ಸೇರಬೇಕು. 1957ಕ್ಕೆ ಈ ಕಾರು ಹಿಂದುಳಿದದ್ದೇನೂ ಆಗಿರಲಿಲ್ಲ, ಮುಪ್ಪಾಗಲು ಬಿಟ್ಟರು ಅಷ್ಟೆ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದಾಗ ಸಾಲುಗಟ್ಟಿ ಪಶ್ಚಿಮಕ್ಕೆ ಬಂದ ಟ್ರಾಬಿಗಳ ತಲೆ ತಟ್ಟಿ ಸ್ವಾಗತಿಸಿದ ಜನರೇ, ಕೆಲವು ತಿಂಗಳಲ್ಲಿ ಆ ಹೊಗೆಗೆ ಮೂಗು ಮುಚ್ಚಿಕೊಂಡರು. ಫೋಕ್ಸ್‌ವ್ಯಾಗನ್ ಪೋಲೋದ ಫೋರ್ ಸ್ಟ್ರೋಕ್ ಎಂಜಿನ್ ಹಾಕಿದ ಟ್ರಾಬಾಂಟ್ 1.1 ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಪಕ್ಕದಲ್ಲೇ ಫೋಕ್ಸ್‌ವ್ಯಾಗನ್ನಿನ ಸೆಕೆಂಡ್ ಹ್ಯಾಂಡ್ ಗಾಲ್ಫ್ ಕಾರು ಸಿಗುವಾಗ ಅದನ್ನು ಕೇಳುವವರಾರು? 1991ರ ಏಪ್ರಿಲ್ 30ಕ್ಕೆ ತಯಾರಿ ನಿಂತಿತು. ಅಷ್ಟರಲ್ಲಿ 30 ಲಕ್ಷಕ್ಕೂ ಹೆಚ್ಚು ಕಾರು ಹೊರಬಿದ್ದಿದ್ದವು.

ಈಗ ಜರ್ಮನಿಯಲ್ಲಿ ಅದನ್ನು ಪ್ರೀತಿಯಿಂದ ಹುಡುಕಿ ಕೊಳ್ಳುವವರಿದ್ದಾರೆ. ಹಳೆ ಕಾರು ಕೊಳ್ಳುವಾಗ ಜೇಬಿನಿಂದ ಆಯಸ್ಕಾಂತ ತೆಗೆದು, ಎಲ್ಲೆಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದು ಬಾಡಿ ಮೇಲೆ ಆಡಿಸುವ ಜಾಣರು ಇರುತ್ತಾರಲ್ಲ, ಅವರ ಆಯಸ್ಕಾಂತ ಟ್ರಾಬಿಯ ಬಾಗಿಲಿಗೂ ಅಂಟುವುದಿಲ್ಲ, ಮಡ್‌ಗಾರ್ಡಿಗೂ ಇಲ್ಲ, ಟಾಪಿಗೂ ಇಲ್ಲ. ಮೇಲಿನದೆಲ್ಲ ಥಳಥಳ ಹೊಳೆಯುತ್ತಿದ್ದರೂ ಒಳಗಿನ ಅಸ್ಥಿಪಂಜರ ಉಕ್ಕಿನದೇ, ತುಕ್ಕಿಗೆ ಅಲ್ಲಿ ಯಾವ ನಿಷೇಧವೂ ಇಲ್ಲ. ಆಯಸ್ಕಾಂತ ಜೇಬಿಗೆ ಹಾಕಿ, ಹಳೆ ಅಂಗಿ ತೊಟ್ಟು ಕಾರಿನ ಕೆಳಗೆ ತೂರಿ, ಬಾಗಿಲ ಕೆಳಗಿನ ಪಟ್ಟಿ, ಫ್ಲೋರು, ಸಸ್ಪೆನ್ಷನ್ ಕೂರುವ ಜಾಗಗಳಿಗೆ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಠಣ್ ಅಂದರೆ ಚೌಕಾಸಿ ಶುರು ಮಾಡಬಹುದು. ಸ್ಕ್ರೂಡ್ರೈವರ್ ಒಳಗೇ ಹೋಯಿತೋ, ಮಾರುವವನಿಗೆ ಗೊತ್ತಾಗುವ ಮೊದಲು ಹೊರಗೆಳೆದುಕೊಂಡು ಬನ್ನಿ.