ದೇಶವೊಂದು ಕ್ಲಬ್ ಕೊಂಡಾಗ ಮತ ಯಾರ ಕೈಲಿ?

2021ರ ಅಕ್ಟೋಬರ್ 7ರಂದು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ, ಅಂದರೆ ಪಿಐಎಫ್, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಯುನೈಟೆಡ್‌ನಲ್ಲಿ ಶೇ. 80 ಪಾಲು ಪಡೆಯಿತು. ಇಡೀ ಕ್ಲಬ್ಬಿನ ಬೆಲೆ 30.5 ಕೋಟಿ ಪೌಂಡ್. ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲವೆಂದು ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದಿತು ಅಲ್ಲಿನ ಉನ್ನತ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗ್. ಆ ನಿಧಿಯ ಅಧ್ಯಕ್ಷ ಸೌದಿ ಯುವರಾಜ. ನಿಧಿಯ ಗವರ್ನರ್ ಯಾಸಿರ್ ಅಲ್-ರುಮಯ್ಯಾನ್ ಕ್ಲಬ್ಬಿಗೂ ಅಧ್ಯಕ್ಷರಾದರು. 2023ರಲ್ಲಿ ಅಮೆರಿಕದ ಗಾಲ್ಫ್ ಮೊಕದ್ದಮೆಯೊಂದರಲ್ಲಿ ದಾಖಲೆ ಕೇಳಿದಾಗ ಅದೇ ನಿಧಿ ಮಾತು ತಿರುಗಿಸಿತು: ನಾವು ಸೌದಿ ಸಾರ್ವಭೌಮತ್ವದ ಅಂಗ, ರುಮಯ್ಯಾನ್ ಹಾಲಿ ಮಂತ್ರಿ, ಹಾಗಾಗಿ ನ್ಯಾಯಾಲಯ ನಮ್ಮನ್ನು ಪ್ರಶ್ನಿಸುವಂತಿಲ್ಲ!

ನನ್ನ ತಕರಾರು ಇಲ್ಲೇ. ಖಾಸಗಿ ಧಣಿಯನ್ನು ಹಿಡಿಯುವುದಕ್ಕೆ ದಾರಿಯಿದೆ. 2022ರ ಮಾರ್ಚ್‌ನಲ್ಲಿ ಬ್ರಿಟನ್ ಚೆಲ್ಸಿ ಕ್ಲಬ್ಬಿನ ರಷ್ಯನ್ ಮಾಲೀಕ ಅಬ್ರಮೊವಿಚ್ ಆಸ್ತಿಗೆ ತಡೆ ಹಾಕಿತು, ಮೇ ತಿಂಗಳಿಗೆಲ್ಲ ಚೆಲ್ಸಿ ಮಾರಾಟವಾಯಿತು. ತೈಲ ಮಾರುವ, ಶಸ್ತ್ರ ಕೊಳ್ಳುವ ಮಿತ್ರದೇಶವೇ ಮಾಲೀಕನಾದರೆ ಆ ಧೈರ್ಯ ಯಾವ ಸರ್ಕಾರಕ್ಕಿದೆ? ವಿದೇಶಿ ಸರ್ಕಾರಗಳು ಪತ್ರಿಕೆ ಕೊಳ್ಳಬಾರದೆಂದು 2024ರಲ್ಲಿ ಕಾನೂನು ತಂದದ್ದೂ ಇದೇ ಬ್ರಿಟನ್. (ಮರುವರ್ಷ ಶೇ. 15ರವರೆಗೆ ಸಡಿಲಿಸಿತು, ಅದು ಬೇರೆ ಮಾತು.) ಫುಟ್‌ಬಾಲ್ ಕ್ಲಬ್ಬಿಗೆ ಅಂಥ ಬೇಲಿಯೇ ಇಲ್ಲ.

ಲೀಗಿನ ಮಾಲೀಕರ ಪರೀಕ್ಷೆ ಕೊಳ್ಳುವವನು ಎಂಥವನು ಎಂದು ನೋಡುತ್ತದೆ. ನಾವಿರುವ ಜರ್ಮನಿಯಲ್ಲಿ ಅದಕ್ಕೂ ಮೊದಲು ಮತ ಯಾರದು ಎಂದು ಕೇಳುತ್ತಾರೆ. 1998ರಲ್ಲಿ ಕ್ಲಬ್ಬುಗಳು ಕಂಪನಿಗಳಾಗಲು ಅನುಮತಿ ಕೊಟ್ಟಾಗಲೇ ಷರತ್ತು ಬಿತ್ತು: ಅರ್ಧದಷ್ಟು ಮತ, ಮೇಲೊಂದು ಮತ, ಸದಸ್ಯರ ಮೂಲ ಸಂಘದ ಕೈಯಲ್ಲಿರಬೇಕು. ಬಂಡವಾಳ ಯಾರಾದರೂ ಹಾಕಲಿ. ಬಾಯರ್ನ್ ಮ್ಯೂನಿಕ್‌ನಲ್ಲಿ ಸಂಘಕ್ಕೆ ಶೇ. 75, ಅಡಿಡಾಸ್, ಆಡಿ, ಅಲಿಯಾನ್ಸ್ ಮೂರಕ್ಕೂ ಸೇರಿ ಉಳಿದದ್ದು. ಒಳ್ಳೆಯ ದೇಶ, ಕೆಟ್ಟ ದೇಶ ಎಂದು ಯಾರೂ ತೀರ್ಪು ಕೊಡಬೇಕಾಗಿಲ್ಲ, ಅದೇ ಈ ನಿಯಮದ ಅನುಕೂಲ. ಸದಸ್ಯರ ಬಾಯಿ ಮುಚ್ಚಿಸುವುದೂ ಸುಲಭವಲ್ಲ. 2021ರ ಸಭೆಯಲ್ಲಿ ಕತಾರ್ ಏರ್‌ವೇಸ್ ಪ್ರಾಯೋಜಕತ್ವದ ಬಗ್ಗೆ ಬಾಯರ್ನ್ ಸದಸ್ಯರು ಗಲಾಟೆ ಎಬ್ಬಿಸಿದರು. 2023ರಲ್ಲಿ ಆ ಒಪ್ಪಂದ ಮುಂದುವರಿಯಲಿಲ್ಲ.

ಹಾಗೆಂದು ಜರ್ಮನಿ ಮಡಿಯುಟ್ಟು ಕೂತಿಲ್ಲ. ನಿಯಮಕ್ಕೆ ವಿನಾಯಿತಿಯೂ ಇದೆ. ವೋಲ್ಫ್ಸ್‌ಬುರ್ಗ್ ಕ್ಲಬ್ ಪೂರ್ತಿ ಫೋಕ್ಸ್‌ವ್ಯಾಗನ್‌ನದು. ಆ ಕಂಪನಿಯಲ್ಲಿ ಲೋವರ್ ಸ್ಯಾಕ್ಸನಿ ರಾಜ್ಯಕ್ಕೆ ಶೇ. 20, ಕತಾರ್‌ಗೆ ಶೇ. 17 ಮತವಿದೆ.

ಇಂಗ್ಲೆಂಡಿನಲ್ಲಿ ಮಾಲೀಕನ ದುಡ್ಡು ಹಿಂಬಾಗಿಲಿನಿಂದ ಬರುವುದನ್ನು ತಡೆಯಲು, ನಂಟಿನ ಕಂಪನಿಗಳ ಒಪ್ಪಂದ ಮಾರುಕಟ್ಟೆ ದರದಲ್ಲಿರಬೇಕೆಂಬ ನಿಯಮವಿದೆ. ಆದರೆ ದರ ಸರಿಯಿದ್ದರೆ ಸಾಕು. ನ್ಯೂಕ್ಯಾಸಲ್ ಅಂಗಿಯ ಮೇಲೆ 2023ರಿಂದ ಇರುವ ಸೇಲಾ ಕಂಪನಿ ಪಿಐಎಫ್‌ನದೇ. ಅದೇ ವರ್ಷ ಜೂನ್‌ನಲ್ಲಿ ಪಿಐಎಫ್ ನಾಲ್ಕು ಸೌದಿ ಕ್ಲಬ್ಬುಗಳ ತಲಾ ಶೇ. 75 ಪಾಲು ತೆಗೆದುಕೊಂಡಿತು. ಒಬ್ಬನೇ ಮಾಲೀಕನ ಕ್ಲಬ್ಬುಗಳ ನಡುವೆ ಆಟಗಾರರನ್ನು ಎರವಲು ಪಡೆಯುವುದನ್ನು ತಡೆಯುವ ಪ್ರಸ್ತಾಪ ನವೆಂಬರ್‌ನಲ್ಲಿ ಬಂತು. ಲೀಗಿನ ಕ್ಲಬ್ಬುಗಳ 14 ಮತ ಬೇಕಿತ್ತು, ಬಿದ್ದದ್ದು 13.

ಸರ್ಕಾರದ ಹಣ ಆಟಕ್ಕೆ ಬರುವುದೇ ಪಾಪವೆಂದಲ್ಲ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ಕಟ್ಟಿದ್ದು ಕೇಂದ್ರ ಸರ್ಕಾರದ ಉದ್ದಿಮೆಗಳೇ. ಆ ಉದ್ದಿಮೆಗಳ ಲೆಕ್ಕವನ್ನು ಸಿಎಜಿ ನೋಡಬಹುದು, ಸಂಸದರು ಪ್ರಶ್ನೆ ಕೇಳಬಹುದು. ನ್ಯೂಕ್ಯಾಸಲ್ ಅಭಿಮಾನಿ ರಿಯಾದ್‌ಗೆ ಹೋಗಿ ಯಾರನ್ನು ಕೇಳಬೇಕು?

ಬ್ರಿಟನ್ 2025ರಲ್ಲಿ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕನನ್ನು ತಂದಿದೆ. ಕ್ಲಬ್ಬಿನ ಲಾಂಛನ ಅಥವಾ ತವರಿನ ಅಂಗಿಯ ಬಣ್ಣ ಬದಲಿಸಬೇಕಾದರೆ ಅಭಿಮಾನಿಗಳ ಬಹುಮತ ಇದೆಯೇ ಎಂದು ಇನ್ನು ನೋಡಲೇಬೇಕು. ಕ್ಲಬ್ಬನ್ನೇ ಮಾರುವಾಗ ಅವರ ಮತ ಬೇಕಿಲ್ಲ.