ಗೋಡೆ ತಾನೆ!

ನಿನ್ನೆ ರಾತ್ರಿ, ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದ ಮಧ್ಯೆ, ಗೆಳೆಯನೊಬ್ಬ ತನ್ನ ನೀರಿನ ಬಾಟಲಿಯನ್ನು ತಂದು ನಾನೇ ಮಾಡಿದ ಪುಟ್ಟ ಪಾಳು ಗೋಪುರದ ಮೇಲೆ ಇಟ್ಟ. ಪಕ್ಕದಲ್ಲಲ್ಲ, ಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಟಕ್ ಅಂತ ಸದ್ದು. ಒಂದು ಮೂಲೆ ಮುರಿದು ದಾಳಗಳ ನಡುವೆ ಬಿತ್ತು. ಅವನು ಹೇಳಿದ್ದೇನು ಗೊತ್ತಾ? "ಅಯ್ಯೋ ಬಿಡೋ, ಗೋಡೆ ತಾನೆ!"

ಇದೇ ಮಹಾಶಯ ತನ್ನ 28 ಮಿಲಿಮೀಟರ್ ಸೈನಿಕರನ್ನು ಸ್ಪಂಜಿನಲ್ಲಿ ಮಲಗಿಸಿಕೊಂಡು ಬರುತ್ತಾನೆ. ಯಾರಾದರೂ ಒಂದು ಕತ್ತಿಯ ತುದಿ ಮುಟ್ಟಲಿ, ಆಗ ನೋಡಬೇಕು ಅವನ ಮುಖ.

ಅಚ್ಚಿಗೆ ಸುರಿದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ ಇದೆಯಲ್ಲ, ರೆಸಿನ್, ಅದರ ಮೇಲಿನ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಆದರೂ ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುತ್ತಿದೆ. ಆ ಗೋಪುರದ ಮೂಲ ರೂಪವನ್ನು ಮೊದಲು ಕ್ಲೇಯಲ್ಲಿ ಮಾಡಿದೆ. ಒಂದೊಂದು ಕಲ್ಲನ್ನೂ ಹಲ್ಲುಕಡ್ಡಿಯಲ್ಲಿ ಗೀರಿದೆ. ಅಚ್ಚಿಗೆ ಅಂತ ಅದರ ಮೇಲೆ ಪ್ಲಾಟಿನಂ ಸಿಲಿಕೋನ್ ಅನ್ನೋ ದ್ರವ ರಬ್ಬರ್ ಸುರಿದರೆ ಅದು ಗಟ್ಟಿಯೇ ಆಗಲಿಲ್ಲ. ಮೂರನೇ ದಿನವೂ ಅಂಟಂಟು. ಕ್ಲೇಯಲ್ಲಿ ಗಂಧಕ ಇತ್ತು, ಗಂಧಕ ಕಂಡರೆ ಈ ಸಿಲಿಕೋನ್‌ಗೆ ಆಗಿ ಬರುವುದಿಲ್ಲ. ಡಬ್ಬದ ಮೇಲೆ ಬರೆದೇ ಇತ್ತು. ಓದೋರು ಯಾರು? ಎಲ್ಲ ಕೆರೆದು ಎಸೆದು, ಗಂಧಕವಿಲ್ಲದ ಕ್ಲೇ ತಂದು, ಮತ್ತೆ ಮೊದಲಿಂದ.

ಆಮೇಲೆ ಎರಕ. ಪಾಲಿಯುರಥೇನ್ ರೆಸಿನ್‌ನ ಎರಡು ಭಾಗಗಳನ್ನು ಸಮಸಮ ಬೆರೆಸಿದರೆ, ನಾನು ಬಳಸುವುದರಲ್ಲಿ ಕೈಗೆ ಸಿಗುವುದು ಮೂರೇ ನಿಮಿಷ. ಅಷ್ಟರಲ್ಲಿ ಸುರಿಯಬೇಕು, ಅಚ್ಚು ತಟ್ಟಬೇಕು, ಮೂಲೆಯಲ್ಲಿ ಅಡಗಿದ ಗುಳ್ಳೆಗಳನ್ನು ಕಡ್ಡಿಯಲ್ಲಿ ಕೆದಕಬೇಕು. ಸ್ವಲ್ಪ ತೇವ ಸೇರಿದರೂ ನೊರೆ ಬಂದು ಗೋಪುರ ಸ್ಪಂಜಾಗುತ್ತದೆ. ಆವಿ ಒಳ್ಳೆಯದಲ್ಲ, ಅದಕ್ಕೆ ಕಿಟಕಿ ತೆರೆದು, ಮೂತಿಗೆ ರೆಸ್ಪಿರೇಟರ್ ಬಿಗಿದುಕೊಂಡು ಕೂರಬೇಕು.

ಸೋಪು ಹಾಕಿ ತೊಳೆದದ್ದು, ಬಣ್ಣ ಹಿಡಿಯಲಿ ಅಂತ ಮೊದಲು ಪ್ರೈಮರ್ ಹೊಡೆದದ್ದು, ಸಂದುಗಳಿಗೆ ಕಪ್ಪು ವಾಶ್ ಅಂದರೆ ನೀರು ನೀರಾದ ಬಣ್ಣ ಇಳಿಸಿದ್ದು ಎಲ್ಲ ಬಿಡಿ. ಡ್ರೈಬ್ರಶ್ ಮಾಡುವ ಗಳಿಗೆ ಇದೆಯಲ್ಲ, ಅದಕ್ಕೇ ನಾನು ಇಷ್ಟೆಲ್ಲ ಮಾಡುವುದು. ಬ್ರಶ್ಶನ್ನು ತಿಳಿ ಬೂದು ಬಣ್ಣಕ್ಕೆ ಅದ್ದಿ, ಬಣ್ಣವೇ ಉಳಿದಿಲ್ಲ ಅನ್ನಿಸುವ ತನಕ ಕಾಗದಕ್ಕೆ ಒರೆಸಿ, ಆಮೇಲೆ ಕಲ್ಲಿನ ಮೇಲೆ ಹಗುರಾಗಿ ಆಡಿಸಬೇಕು. ಹಲ್ಲುಕಡ್ಡಿಯಲ್ಲಿ ಗೀರಿದ ಒಂದೊಂದು ಅಂಚೂ ಎದ್ದು ಬರುತ್ತದೆ. ಅಲ್ಲಿಯವರೆಗೂ ಪ್ಲಾಸ್ಟಿಕ್ ತುಂಡಿನಂತಿದ್ದದ್ದು ನೂರಾರು ವರ್ಷ ಮಳೆ ತಿಂದ ಕಲ್ಲಾಗಿಬಿಡುತ್ತದೆ.

ಗೋಡೆ ತಾನೆ ಅಂತೆ! ಅದೇ ಗೋಡೆಯ ಹಿಂದೆ ಅವನ ಬಿಲ್ಲುಗಾರರು ಇಡೀ ರಾತ್ರಿ ಅವಿತಿದ್ದರು. ನಾನು ದಾಳ ಉರುಳಿಸಿದಾಗಲೆಲ್ಲ "ಮರೆಯಲ್ಲಿದ್ದಾರೆ, ಮರೆಯಲ್ಲಿದ್ದಾರೆ" ಅಂತ ನೆನಪಿಸಿದ್ದು ಇದೇ ಬಾಯಿ. ಆಗ ಮಾತ್ರ ಅದು ಭಾರೀ ಗೋಪುರ, ಅಲ್ವಾ?

"ಆಟದ ಸಾಮಾನು ಅಂದಮೇಲೆ ಕೈ ತಾಗದೆ ಇರುತ್ತಾ? ಅಷ್ಟು ಪ್ರೀತಿ ಇದ್ದರೆ ಗಾಜಿನ ಕಪಾಟಿನಲ್ಲಿಡು" ಅಂತ ಇನ್ನೊಬ್ಬ ಬುದ್ಧಿ ಹೇಳಿದ. ಕೈ ತಾಗಲಿ ಸ್ವಾಮಿ, ಅದಕ್ಕೇ ಎರಡು ಕೋಟ್ ವಾರ್ನಿಶ್ ಹೊಡೆದಿರುವುದು. ಒಂದು ಲೀಟರ್ ನೀರಿನ ಬಾಟಲಿ ಕೈಯಲ್ಲ. ಮೂರನೆಯವನು "ತ್ರೀಡಿ ಪ್ರಿಂಟರ್‌ನಲ್ಲಿ ಇನ್ನೊಂದು ತೆಗೆದರಾಯಿತು" ಅಂದ. ಅವನಿಗೆ ಉತ್ತರ ಕೊಡುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ನಿಜ ಹೇಳಿಬಿಡುತ್ತೇನೆ, ನಗಬೇಡಿ. ನನ್ನ ಸೈನಿಕರಿಗೆ ಎರಡು ವರ್ಷದಿಂದ ಬಣ್ಣ ಬಿದ್ದಿಲ್ಲ. ಎಲ್ಲರೂ ಬೂದು ಪ್ರೈಮರ್‌ನಲ್ಲೇ ಯುದ್ಧಕ್ಕೆ ಹೋಗಿ, ಬೂದು ಪ್ರೈಮರ್‌ನಲ್ಲೇ ಸಾಯುತ್ತಾರೆ. ನನಗೆ ಮುಖ ಬರೆಯೋಕೆ ಬರಲ್ಲ, ಕಣ್ಣು ಇಟ್ಟರೆ ಮೆಳ್ಳಗಣ್ಣು. ಕಲ್ಲಿಗೆ ಆ ತೊಂದರೆ ಇಲ್ಲ.

ಬೆಳಗ್ಗೆ ಅಂಟಿಸೋಣ ಅಂತ ಸೂಪರ್ ಗ್ಲೂ ಹಿಡಿದು ಕೂತೆ. ಮುರಿದ ಜಾಗ ಒರಟೊರಟಾಗಿ, ಒಳಗಿನ ಬಿಳಿ ರೆಸಿನ್ ಕಾಣುವ ಹಾಗೆ ಒಡೆದಿತ್ತು. ಸುಮ್ನೆ ಒಂದಿಷ್ಟು ವಾಶ್ ಹಚ್ಚಿ, ಒಣಗಿಸಿ, ಡ್ರೈಬ್ರಶ್ ಆಡಿಸಿ ನೋಡಿದೆ. ನಾನು ವಾರಗಟ್ಟಲೆ ಗೀರಿ ಮಾಡಿದ ಬಿರುಕುಗಳಿಗಿಂತ ಚೆನ್ನಾಗಿದೆ, ದರಿದ್ರದ್ದು. ಗ್ಲೂ ಮುಚ್ಚಳ ಹಾಕಿ ಎತ್ತಿಟ್ಟೆ.

ಇದನ್ನು ಯಾರೂ ಅವನಿಗೆ ಹೇಳಬೇಡಿ.