ಕ್ರೇಗ್‌ಲ್ಯಾಂಗಿನ ಮುದುಕರು

ಸ್ಕಾಟ್ಲೆಂಡಿನ ಟಿವಿ ಹಾಸ್ಯ ‘ಸ್ಟಿಲ್ ಗೇಮ್’ ಧಾರಾವಾಹಿಯ ಮೊದಲ ಕಂತಿನ ಕಥೆ ಹುಟ್ಟುವುದೇ ಒಂದು ಸಾವಿನಿಂದ. ವಿಕ್ಟರ್ ಮ್ಯಾಕ್‌ಡೇಡ್‌ನ ಪಕ್ಕದ ಫ್ಲಾಟಿನಲ್ಲಿದ್ದವರು ತೀರಿಕೊಳ್ಳುತ್ತಾರೆ, ಖಾಲಿಯಾದ ಆ ಮನೆಗೆ ಅವನ ಗೆಳೆಯ ಜ್ಯಾಕ್ ಜಾರ್ವಿಸ್ ಬಂದು ಸೇರುತ್ತಾನೆ. ಇಬ್ಬರೂ 70 ದಾಟಿದವರು, ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ಸಾವು ಇವರಿಗೆ ದಿನವೂ ಎದುರಾಗುವ ನೆರೆಯವನಂತೆ. ಅದರ ಬಗ್ಗೆ ಗೊಣಗುತ್ತಾರೆ, ಅದನ್ನು ಲೇವಡಿ ಮಾಡುತ್ತಾರೆ, ಆದರೆ ಅದಕ್ಕಾಗಿ ದನಿ ತಗ್ಗಿಸುವುದಿಲ್ಲ. ಮುಪ್ಪನ್ನು ಕುರಿತು ಟಿವಿಯಲ್ಲಿ ನಾನು ನೋಡಿರುವ ಹಾಸ್ಯಗಳಲ್ಲಿ ಇಷ್ಟು ನಿರ್ದಾಕ್ಷಿಣ್ಯವಾದದ್ದೂ ಇಷ್ಟು ಪ್ರೀತಿಯದೂ ಬೇರೊಂದಿಲ್ಲ.

ಈ ಜೋಡಿಯನ್ನು ಸೃಷ್ಟಿಸಿದವರು ಫೋರ್ಡ್ ಕೀರ್ನನ್ ಮತ್ತು ಗ್ರೆಗ್ ಹೆಂಪ್‌ಹಿಲ್. 1997ರಲ್ಲಿ ಎಡಿನ್‌ಬರೋದ ಫ್ರಿಂಜ್ ಉತ್ಸವದಲ್ಲಿ ನಾಟಕವಾಗಿ ಕಾಣಿಸಿಕೊಂಡ ಈ ಮುದುಕರು ಆಮೇಲೆ ‘ಚ್ಯೂಯಿನ್ ದ ಫ್ಯಾಟ್’ ಎಂಬ ಕಾರ್ಯಕ್ರಮದ ಕಿರುಪ್ರಹಸನಗಳಲ್ಲಿ ಬೆಳೆದು, 2002ರ ಸೆಪ್ಟೆಂಬರ್ 6ರಂದು ಬಿಬಿಸಿ ಒನ್ ಸ್ಕಾಟ್ಲೆಂಡ್‌ನಲ್ಲಿ ಸ್ವಂತ ಧಾರಾವಾಹಿ ಪಡೆದರು. ಆಗ ಕೀರ್ನನ್‌ಗೆ 40 ವರ್ಷ, ಹೆಂಪ್‌ಹಿಲ್‌ಗೆ 33 ಕೂಡ ತುಂಬಿರಲಿಲ್ಲ. ಹರೆಯದವರು ಮುದುಕರ ವೇಷ ಹಾಕಿದಾಗ ನಡುಗುವ ಕೈ, ಬಾಗಿದ ಬೆನ್ನು, ಒಡಕು ದನಿಗಳಲ್ಲೇ ಆಟ ಮುಗಿದುಹೋಗುವುದು ವಾಡಿಕೆ. ಇವರಿಬ್ಬರು ಅದನ್ನು ಅಳತೆಯಲ್ಲಿಟ್ಟು, ಮುಪ್ಪಿನ ಹಟ, ಚಾಡಿಬುದ್ಧಿ, ಹೊತ್ತು ಹೋಗದ ಮಧ್ಯಾಹ್ನಗಳ ತುಂಟತನಗಳನ್ನು ಹಿಡಿದರು.

ಕಥೆ ನಡೆಯುವ ಕ್ರೇಗ್‌ಲ್ಯಾಂಗ್ ಗ್ಲಾಸ್ಗೋದ ಒಂದು ಕಲ್ಪಿತ ಬಡಾವಣೆ. ಹೊರಾಂಗಣದ ಬಹಳಷ್ಟು ಚಿತ್ರೀಕರಣ ಅದೇ ನಗರದ ಮೇರಿಹಿಲ್‌ನಲ್ಲಿ ಆಯಿತು. ಎರಡನೆಯ ಮಹಾಯುದ್ಧದ ನಂತರ ಗ್ಲಾಸ್ಗೋ ತನ್ನ ಹಳೆಯ, ಕಿಕ್ಕಿರಿದ ವಠಾರಗಳನ್ನು ಕೆಡವಿ, ಅಲ್ಲಿದ್ದ ಕಾರ್ಮಿಕ ಕುಟುಂಬಗಳನ್ನು ಗಗನಚುಂಬಿ ಕಟ್ಟಡಗಳಿಗೆ ಸಾಗಿಸಿತು. 31 ಅಂತಸ್ತಿನವರೆಗೆ ಎದ್ದು ನಿಂತಿದ್ದ ರೆಡ್ ರೋಡ್ ಕಟ್ಟಡಗಳಲ್ಲಿ ಕೊನೆಯವು 2015ರಲ್ಲಿ ನೆಲಸಮವಾದವು. ಜ್ಯಾಕ್ ಮತ್ತು ವಿಕ್ಟರ್ ಬದುಕುವ ಆಸ್‌ಪ್ರೇ ಹೈಟ್ಸ್ ಆ ಜಾತಿಯದೇ. ಹೊಸ ಬದುಕಿನ ಭರವಸೆಯೊಂದಿಗೆ ಕಟ್ಟಿದ ಮನೆಗಳಲ್ಲಿ ಈಗ ಮುದುಕರು ಉಳಿದಿದ್ದಾರೆ, ಮಕ್ಕಳು ಹೊರಟುಹೋಗಿದ್ದಾರೆ. ಜ್ಯಾಕ್‌ನ ಮಗಳು ಕೆನಡಾದಲ್ಲಿ, ವಿಕ್ಟರ್‌ನ ಮಗ ಇನ್ನೊಂದು ದೂರದೇಶದಲ್ಲಿ. ಫೋನಿನ ಪಕ್ಕ ಕಾಯುವ ಆ ಕಂತುಗಳು ಮಕ್ಕಳನ್ನು ಪರದೇಶಕ್ಕೆ ಕಳಿಸಿ ಕೂತಿರುವ ನಮ್ಮ ಎಷ್ಟೋ ಮನೆಗಳಿಗೆ ಅನುವಾದವಿಲ್ಲದೆ ಅರ್ಥವಾಗುತ್ತವೆ.

ಭಾಷೆಯ ಮಾತು ಬೇರೆ. ಮೊದಲ ಸಲ ನೋಡಿದಾಗ ಸಬ್‌ಟೈಟಲ್ ಹಾಕಿಕೊಂಡೂ ನನಗೆ ಅರ್ಧ ಕೈತಪ್ಪಿತು. ಕಂತುಗಳ ಹೆಸರುಗಳೇ ‘ಫ್ಲಿಟಿನ್’ (ಮನೆ ಬದಲಾಯಿಸುವುದು), ‘ಕಾಲ್ಡ್’ (ಚಳಿ), ‘ಫೇಮ್ಲಿ’ (ಕುಟುಂಬ) ಎಂದು ಗ್ಲಾಸ್ಗೋದ ಬಾಯಿಮಾತಿನಲ್ಲಿವೆ. ಇಡೀ ಬ್ರಿಟನ್ನಿಗೆ ತಿಳಿಯಲಿ ಎಂದು ಇವರು ಆಡುಮಾತನ್ನು ಸೋಸಲಿಲ್ಲ. ಅಲ್ಲಿ ಪ್ರಾದೇಶಿಕ ಮಾತು ನಗೆಪಾತ್ರಕ್ಕೆ ಅಂಟಿಸಿದ ಬಣ್ಣವಲ್ಲ. ನಾಯಕ, ಖಳ, ವೈದ್ಯ, ಕುಡುಕ ಎಲ್ಲರೂ ಆಡುವುದು ಅದನ್ನೇ.

ಈ ಮಾತಿನ ಪೂರ್ಣ ವೈಭವ ಕಾಣುವುದು ‘ದ ಕ್ಲ್ಯಾನ್ಸ್‌ಮನ್’ ಪಬ್ಬಿನಲ್ಲಿ. ಜ್ಯಾಕ್, ವಿಕ್ಟರ್ ಒಳಗೆ ಕಾಲಿಟ್ಟರೆ ಸಾಕು, ಗಲ್ಲೆಯ ಹಿಂದಿನ ಬಾಬಿ ಅವರಿಗೆ ಯಾವುದಾದರೊಂದು ಹೊಸ ಜೋಡಿಹೆಸರು ಕಟ್ಟಿ ಕೀಟಲೆ ಮಾಡುತ್ತಾನೆ. ಅವರು ಬೈಗುಳವೊಂದನ್ನು ಸೇರಿಸಿಯೇ ಎರಡು ಪೈಂಟ್ ಬಿಯರ್ ಕೇಳುತ್ತಾರೆ. ಮುದುಕರೆಂದು ಅವನು ರಿಯಾಯಿತಿ ತೋರಿಸುವುದಿಲ್ಲ ಎಂಬುದರಲ್ಲೇ ಗೌರವವಿದೆ. ಜಿಪುಣ ಟ್ಯಾಮ್, ಸುದ್ದಿ ಹಬ್ಬಿಸುವುದನ್ನೇ ಉಸಿರಾಗಿಸಿಕೊಂಡ ಐಸಾ, ಸಿಗರೇಟಿನ ದೆಸೆಯಿಂದ ಒಂದು ಕಾಲು ಕಳೆದುಕೊಂಡರೂ ಬೆಟ್ಟಿಂಗ್ ಅಂಗಡಿಯವನೊಂದಿಗಿನ ಜಗಳ ಬಿಡದ ವಿನ್ಸ್‌ಟನ್: ಇವರಲ್ಲಿ ಯಾರೂ ಒಳ್ಳೆಯ ಅಜ್ಜ, ಒಳ್ಳೆಯ ಅಜ್ಜಿ ಅಲ್ಲ. ವಯಸ್ಸಾದ ಮಾತ್ರಕ್ಕೆ ಸಣ್ಣತನ ಬಿಟ್ಟುಕೊಡಬೇಕಾದ ಕಟ್ಟುಪಾಡು ಕ್ರೇಗ್‌ಲ್ಯಾಂಗಿನಲ್ಲಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವನು ಮೂಲೆಯಂಗಡಿಯ ನವೀದ್. ಆ ಪಾತ್ರ ಮಾಡಿದ ಸಂಜೀವ್ ಕೊಹ್ಲಿ ಗ್ಲಾಸ್ಗೋದಲ್ಲಿ ಬೆಳೆದವರು. ಬ್ರಿಟಿಷ್ ಟಿವಿಯ ಹಾಸ್ಯದಲ್ಲಿ ದಕ್ಷಿಣ ಏಷ್ಯಾದ ಅಂಗಡಿಯವನೆಂದರೆ ಅವನ ಉಚ್ಚಾರಣೆಯೇ ನಗೆಯ ಸರಕಾಗಿದ್ದುದು ಹಳೆಯ ಕತೆ. ನವೀದ್‌ನನ್ನು ಅಂಗಡಿಯವನನ್ನಾಗಿಯೇ ಮಾಡಿದ್ದು ಸವೆದ ದಾರಿ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಕ್ಕೆ ತೂಕವಿದೆ, ಒಪ್ಪುತ್ತೇನೆ. ಆದರೆ ಇಲ್ಲಿ ಅವನು ನಗೆಗೆ ಗುರಿಯಾಗುವವನಲ್ಲ, ಬಾಣ ಬಿಡುವವನು. ಅಲ್ಲಿಯ ಮಣ್ಣಿನ ಮಾತಿನಲ್ಲಿ ಗಿರಾಕಿಗಳನ್ನು ಅವನಷ್ಟು ಚೂಪಾಗಿ ಕುಟುಕುವವರು ಮತ್ತೊಬ್ಬರಿಲ್ಲ. ಅವನನ್ನೂ ಮೀರಿಸುವವಳು ಹೆಂಡತಿ ಮೀನಾ. ಕ್ಯಾಮೆರಾಕ್ಕೆ ಬೆನ್ನು ಹಾಕಿ ಕುಳಿತು, ಇಂಗ್ಲಿಷನ್ನು ಪಕ್ಕಕ್ಕಿಟ್ಟು ತನ್ನದೇ ನುಡಿಯಲ್ಲಿ ಗಂಡನನ್ನು ಜಾಲಾಡುವ ಈಕೆಯ ಮಾತು ತಿಳಿಯದೆ ಸ್ಕಾಟಿಷ್ ವೀಕ್ಷಕ ಸಬ್‌ಟೈಟಲ್ ಓದಬೇಕಾಗುತ್ತದೆ. ನನ್ನಂಥವನು ಪಟ್ಟ ಪಾಡನ್ನು ಅವರೂ ಸ್ವಲ್ಪ ಪಡಲಿ!

2007ರಲ್ಲಿ ಆರನೆಯ ಸರಣಿಯ ನಂತರ ಎಲ್ಲವೂ ನಿಂತಿತು. 2014ರಲ್ಲಿ ಗ್ಲಾಸ್ಗೋದ ಹೈಡ್ರೋ ಸಭಾಂಗಣದಲ್ಲಿ ರಂಗಪ್ರದರ್ಶನವಾಗಿ ಮರಳಿದಾಗ 21 ಪ್ರದರ್ಶನಗಳಿಗೆ 2 ಲಕ್ಷಕ್ಕೂ ಹೆಚ್ಚು ಜನ ಸೇರಿದರು. 2016ರಿಂದ ಮತ್ತೆ ಮೂರು ಸರಣಿಗಳು ಬಂದವು. ಅಭಿಮಾನಿಗಳು ಬೇಸರಿಸಿದರೂ ಸರಿ, ಈ ಎರಡನೆಯ ಇನ್ನಿಂಗ್ಸ್ ನನಗೆ ತುಸು ಸಪ್ಪೆ ಎನಿಸಿತು. ಪ್ರೇಕ್ಷಕರು ತಮ್ಮನ್ನು ಎಷ್ಟು ಪ್ರೀತಿಸುತ್ತಾರೆಂಬುದು ಪಾತ್ರಗಳಿಗೇ ಗೊತ್ತಾಗಿಬಿಟ್ಟಂತೆ, ಮೊದಲಿನ ಕಹಿ ತೆಳುವಾಗಿ, ನಗೆಗಾಗಿ ನಿಂತು ಕಾಯುವ ಅಭ್ಯಾಸ ಅಲ್ಲಲ್ಲಿ ಇಣುಕಿತು.

ಆದರೂ 62ನೆಯ ಕಂತು ಆ ದೂರನ್ನೆಲ್ಲ ನುಂಗಿಹಾಕಿತು. 2019ರ ಮಾರ್ಚ್ 28ರಂದು ಪ್ರಸಾರವಾದ ಆ ಕೊನೆಯ ಕಂತಿನಲ್ಲಿ ಶವಯಾತ್ರೆಯ ದೃಶ್ಯವಿಲ್ಲ, ಆಸ್ಪತ್ರೆಯ ಹಾಸಿಗೆಯ ಪಕ್ಕ ವಿದಾಯದ ಭಾಷಣವಿಲ್ಲ. ಇಷ್ಟು ವರ್ಷ ನಾವು ಕಂಡವರು ಒಬ್ಬೊಬ್ಬರಾಗಿ ಪರದೆಯ ಮೇಲಿಂದ ಮಾಸಿಹೋಗುತ್ತಾರೆ, ಅಷ್ಟೇ. ಅವರು ಇದ್ದ ಜಾಗ ಮಾತ್ರ ಒಂದು ಕ್ಷಣ ಹಾಗೆಯೇ ಕಾಣುತ್ತದೆ.